ಒದರಿ ನಿಲ್ಲುವ ಬ್ರೇಕು

ಹಳೇ ಕಾರು ಇಟ್ಟುಕೊಂಡವನ ಸುತ್ತಮುತ್ತ ನಗುವಿಗೆ ಬರಗಾಲ ಬರುವುದಿಲ್ಲ. ತಿಂಗಳಿಗೊಂದಾದರೂ ಏನಾದರೂ ನಡೆದೇ ನಡೆಯುತ್ತದೆ. ನಗುವವರು ಮಾತ್ರ ಬೇರೆಯವರಾಗಿರುತ್ತಾರೆ, ಅಷ್ಟೇ.

ನಾನು ದನದ ಡಾಕ್ಟರ್. ರಾಯಬಾಗ, ಅಥಣಿ, ಕಾಗವಾಡ ಎಂದು ವರ್ಗ ಮಾಡಿದಲ್ಲೆಲ್ಲ ಹೋಗಿ, ಎಮ್ಮೆ ಆಕಳುಗಳ ಬಾಲ ಎತ್ತಿ ಎತ್ತಿಯೇ ನಿವೃತ್ತನಾಗಿ, ಈಗ ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಇದ್ದೇನೆ. ನಿವೃತ್ತಿ ಆದರೆ ಆಫೀಸು ಬಿಡುತ್ತದೆ, ಫೋನು ಬಿಡುವುದಿಲ್ಲ. ಅದಕ್ಕೇ ನನ್ನ ಹಳೇ ಸಣ್ಣ ಕಾರೂ ಬಿಟ್ಟಿಲ್ಲ. ಕೊಂಡಾಗ ಅದು ಬೆಳ್ಳಗಿತ್ತು. ಈಗ ಯಾವ ಊರಿಗೆ ಹೋಗಿ ಬಂದಿರುತ್ತದೋ ಆ ಊರಿನ ಮಣ್ಣಿನ ಬಣ್ಣ.

ಆ ಕಾರಿನ ಬ್ರೇಕು ಒದರುತ್ತಿತ್ತು. ಎಷ್ಟು ಸಲ ಬಿಚ್ಚಿ, ಪಾಲಿಶ್ ಪೇಪರ್ ಹಾಕಿ ತಿಕ್ಕಿಸಿದರೂ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಒದರುತ್ತಿತ್ತು. ನಮ್ಮ ಓಣಿಯ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅಲ್ಲಿ ಬ್ರೇಕು ಒತ್ತಿದೆನೆಂದರೆ ಆ ದನಿ ನೇರ ನಮ್ಮ ಅಡುಗೆಮನೆಗೆ ಹೋಗುತ್ತಿತ್ತು. ನಮ್ಮಾಕಿ ಆಗ ಚರಿಗೆ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಎಮ್ಮೆಯ ಬೆನ್ನು ತಟ್ಟಿ, "ಬಂದ್ರು ನೋಡವಾ ನಮ್ಮವರು" ಎಂದು ಹೇಳಿ ಹಾಲು ಹಿಂಡಲು ಕೂಡುತ್ತಿದ್ದಳು. ನಾನು ಕಾರು ನಿಲ್ಲಿಸಿ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಹಸಿ ಹಾಲಿನ ಚಹಾ ಕುದಿಯುತ್ತಿರುತ್ತಿತ್ತು. ಆಕೆ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಮದುವೆಯಾಗಿ ಮನೆಗೆ ಬಂದ ದಿನ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದಿದ್ದಕ್ಕೆ ಒಂದು ಸಲ ಹೇಳಿದ್ದಳು. ಅದೇ ಮೊದಲು, ಅದೇ ಕೊನೆ. ಉಳಿದಂತೆ ಎಮ್ಮೆಯ ಮುಂದೂ ನಾನು 'ನಮ್ಮವರು'.

ಎಮ್ಮೆಗೆ ಇದು ಎಷ್ಟು ರೂಢಿಯಾಯಿತೆಂದರೆ, ಬೆಳಿಗ್ಗೆ ಕರು ಬಿಟ್ಟರೆ ಹಾಲು ಇಳಿಸುತ್ತಿತ್ತು, ಸಂಜೆ ಮಾತ್ರ ಕರುವನ್ನು ಹತ್ತಿರ ಬರಗೊಡುತ್ತಿರಲಿಲ್ಲ. ಸಂಜೆಗೆ ಅದಕ್ಕೆ ನಮ್ಮ ಗಾಡಿಯೇ ಬೇಕು. ಭಾನುವಾರ ನಾನು ಮನೆಯಲ್ಲಿದ್ದರೆ ಫಜೀತಿ. ನಮ್ಮಾಕಿ ಚರಿಗೆ ಹಿಡಿದು ಬಂದು, "ಒಂದ ಸುತ್ತ ಹೊಡಕೊಂಡ ಬರ್ರಿ, ಹಾಲ ಬೇಕು" ಎನ್ನುತ್ತಿದ್ದಳು. ನಾನು ಲುಂಗಿಯಲ್ಲೇ ಕಾರು ತೆಗೆದು, ಗಿರಣಿ ದಾಟಿ ಹೋಗಿ, ತಿರುಗಿಸಿ, ಒದರಿಸಿಕೊಂಡು ಬರುತ್ತಿದ್ದೆ. ಹೈನು ಮಾಡುವವರಿಗೆ ಹಿಂಡಿ, ಹೊಟ್ಟಿನ ಖರ್ಚು ಇರುತ್ತದೆ. ನಮಗೆ ಪೆಟ್ರೋಲಿನದೂ ಇತ್ತು.

ಆಕೆ ಹೋಗಿ ಮೂರು ವರ್ಷವಾಯಿತು. ಎಮ್ಮೆ ಇದೆ, ನಡುವೆ ಒಂದು ಕರುವನ್ನೂ ಹಾಕಿದೆ. ಕಾರೂ ಇದೆ. ಸಂಜೆ ನಾನೇ ಹಾಲು ಹಿಂಡುತ್ತೇನೆ. ಬ್ರೇಕಿನ ಪ್ಯಾಡು ಬದಲಿಸಿ ಎಂದು ಎಲ್ಲರೂ ಹೇಳುತ್ತಿದ್ದರು, ನಾನು ಇವತ್ತು ನಾಳೆ ಎಂದು ದೂಡುತ್ತ ಬಂದೆ. ಕಾರಣ ಹೇಳಿದರೆ ನಗುತ್ತೀರಿ. ಗಿರಣಿಯ ತಿರುವಿನಲ್ಲಿ ಅದು ಒದರಿದಾಗ ಒಂದು ಗಳಿಗೆ, ಒಂದೇ ಗಳಿಗೆ, ಒಳಗೆ ಯಾರೋ ಚರಿಗೆ ಕೈಗೆತ್ತಿಕೊಂಡರು ಅನಿಸುತ್ತಿತ್ತು. ಆ ಗಳಿಗೆ ನನಗೆ ಬೇಕಾಗಿತ್ತು.

ಆ ಬ್ರೇಕಿನ ನಾಲ್ಕಾರು ಪ್ರಸಂಗಗಳು ಇವು.

ಅನಂತಪುರದ ಆಕಳು

ಬ್ರೇಕಿನ ದನಿ ಗೊತ್ತಿದ್ದದ್ದು ನಮ್ಮ ಮನೆಯವರಿಗಷ್ಟೇ ಅಲ್ಲ. ಅಥಣಿ ಕಡೆಯ ಅನಂತಪುರದಲ್ಲಿ ಒಬ್ಬ ರೈತನ ಮನೆಯಲ್ಲಿ ಒಂದು ಆಕಳಿತ್ತು. ಒಮ್ಮೆ ನನ್ನ ಕೈಯಿಂದ ಸೂಜಿ ಚುಚ್ಚಿಸಿಕೊಂಡಿತ್ತು, ಅಷ್ಟೇ. ಅಂದಿನಿಂದ ಊರ ಹೊರಗೆ ನನ್ನ ಕಾರು ಒದರಿದರೆ ಇಲ್ಲಿ ಅದು ಹಗ್ಗ ಜಗ್ಗಲು ಶುರು ಮಾಡುತ್ತಿತ್ತು.

ಒಂದು ಸಲ ಲಸಿಕೆ ಹಾಕುವ ಕೆಲಸ ಬಂತು. ರೈತ ಮೊದಲೇ ಫೋನು ಮಾಡಿ, ಗಾಡಿ ಊರ ಹೊರಗೇ ಬಿಟ್ಟು ನಡೆದು ಬನ್ನಿ, ಇಲ್ಲದಿದ್ದರೆ ಗೂಟ ಕೀಳುತ್ತದೆ ಎಂದ. ಸರಿ ಎಂದು ನಾನು ಸಾಲಿಗುಡಿಯ, ಅಂದರೆ ಊರ ಶಾಲೆಯ ಹತ್ತಿರ ಬೇವಿನ ಗಿಡದ ನೆರಳಿಗೆ ಕಾರು ನಿಲ್ಲಿಸಿ, ಬ್ಯಾಗು ಹಿಡಿದು ಕಳ್ಳನ ಹಾಗೆ ನಡೆದು ಹೋದೆ. ಕೀಲಿಕೈಯನ್ನು ಕಾರಿನಲ್ಲೇ ಬಿಡುವುದು ನನ್ನ ರೂಢಿ. ಆ ಕಾರನ್ನು ಕದ್ದವನು ಗಿರಾಕಿ ಹುಡುಕಿ ಸೋತು ತಾನೇ ತಂದುಬಿಡುತ್ತಾನೆ ಎಂಬ ಧೈರ್ಯ.

ಆಕಳು ಮೇವು ಹಾಕುವ ಗ್ವಾದಲಿಯಲ್ಲಿ ಮುಖ ಇಟ್ಟು ಜೋಳದ ಕಣಿಕೆ ಮೇಯುತ್ತ ಶಾಂತವಾಗಿ ನಿಂತಿತ್ತು. ರೈತ ಅದರ ಕೊರಳ ಕೆಳಗಿನ ಗಂಗೆದೊಗಲು ಸವರುತ್ತಿದ್ದ. ನಾನು ಸೂಜಿಗೆ ಔಷಧ ತುಂಬಿ, ಉಸಿರು ಬಿಗಿಹಿಡಿದು, ಇನ್ನೇನು ಚುಚ್ಚಬೇಕು. ಬಾಗಿಲ ಮುಂದೆ ನನ್ನದೇ ಕಾರು ಕಿರ್ರೆಂದು ಒದರಿತು.

ಗೂಟ ಹೋಯಿತು. ಗೂಟದ ಹಿಂದೆ ರೈತ ಹೋದ. ರೈತನ ಹಿಂದೆ ಸೂಜಿ ಎತ್ತಿ ಹಿಡಿದುಕೊಂಡು ನಾನು ಹೋದೆ. ಆಕಳು ಎರಡು ಅಂಗಳ, ಒಂದು ಕಣಿಕೆ ಬಣವೆ ದಾಟಿ ಯಾರದೋ ಕಬ್ಬಿನಲ್ಲಿ ಹೊಕ್ಕಿತು. ನಾವು ಏದುಸಿರು ಬಿಡುತ್ತ ವಾಪಸು ಬಂದರೆ, ಕಾರಿನಿಂದ ಊರಿನ ಒಬ್ಬ ಹಿರಿಯರು ಇಳಿಯುತ್ತಿದ್ದರು. ಡಾಕ್ಟರು ಬಿಸಿಲಲ್ಲಿ ನಡೆದು ಹೋಗುವುದನ್ನು ಕಂಡು ಅವರಿಗೆ ಕರುಳು ಚುರುಕ್ ಎಂದು, ಕಾರನ್ನು ತಾವೇ ಮನೆಬಾಗಿಲಿಗೆ ಮುಟ್ಟಿಸಿದ್ದರು.

ಕೀಲಿಕೈ ನನ್ನ ಕೈಗೆ ಇಟ್ಟು ಅವರು ಬುದ್ಧಿಮಾತನ್ನೂ ಹೇಳಿದರು: "ಸರ, ನಿಮ್ಮ ಗಾಡಿ ಬ್ರೇಕ್ ಭಾಳ ಒದರತೈತಿ ನೋಡ್ರಿ. ಮದ್ಲ ಸರಿ ಮಾಡಸ್ರಿ, ದನಾ ಹೆದರತಾವು."

ಎಡಗಡೆಯ ಬ್ರೇಕು

ನಮ್ಮ ಕಾರಿಗೆ ಎರಡು ಬ್ರೇಕು. ಒಂದು ನನ್ನ ಕಾಲಡಿ, ಇನ್ನೊಂದು ನಮ್ಮಾಕಿಯ ಕಾಲಡಿ. ಆಕೆಯದು ಕಣ್ಣಿಗೆ ಕಾಣುತ್ತಿರಲಿಲ್ಲ.

ವರ್ಷಕ್ಕೊಮ್ಮೆಯಾದರೂ ಕೊಕಟನೂರಿನ ಎಲ್ಲಮ್ಮನಿಗೆ ಕಾಯಿ ಒಡೆಸಿಕೊಂಡು ಬರಬೇಕು ಎಂದು ಆಕೆಯ ಹರಕೆ. ಹೊರಟಲ್ಲಿಂದ ಮುಟ್ಟುವವರೆಗೆ ಎಡಗಡೆ ಸೀಟಿನಲ್ಲಿ ಕೂತು ಆಕೆ ಬ್ರೇಕು ಒತ್ತುತ್ತಿದ್ದಳು. ಅರ್ಧ ಮೈಲು ದೂರದಲ್ಲಿ ಕುರಿಹಿಂಡು ಕಂಡರೆ ಆಕೆಯ ಕಾಲು ನೆಲಕ್ಕೆ ಒತ್ತುತ್ತಿತ್ತು. ಎದುರಿಗೆ ಬಸ್ಸು ಬಂದರೆ ಎರಡೂ ಕಾಲು. ನಾನು ಒತ್ತಿ ಗಾಡಿ ನಿಂತಾಗ, ತಾನೇ ನಿಲ್ಲಿಸಿದ ಹಾಗೆ ಉಸಿರು ಬಿಟ್ಟು, "ನಾ ಒತ್ತಿದ್ನಿ ಅಂತ ಉಳೀತು" ಎನ್ನುತ್ತಿದ್ದಳು. ಹಾಗಾದರೆ ನಾನು ಯಾಕೆ ಬೇಕು ಎಂದು ಕೇಳಿದರೆ, ಹಾರ್ನು ಹೊಡೆಯುವುದಕ್ಕೆ ಒಬ್ಬರು ಬೇಕಲ್ಲ ಎಂಬ ಉತ್ತರ ಸಿದ್ಧವಿತ್ತು.

ಹೀಗೆ ಒತ್ತಿ ಒತ್ತಿ ಅಲ್ಲಿನ ರಬ್ಬರ್ ಮ್ಯಾಟು ಹಿಮ್ಮಡಿ ಜಾಗದಲ್ಲಿ ತೂತು ಬಿತ್ತು. ನನ್ನ ಕಾಲಡಿಯ ಮ್ಯಾಟು ಇನ್ನೂ ಗಟ್ಟಿಯಾಗಿದೆ. ಆಕೆ ತೀರಿಕೊಂಡ ವರ್ಷ ಕಾರು ತೊಳೆಯಲು ಕೊಟ್ಟಾಗ ಗ್ಯಾರೇಜಿನ ನಮ್ಮ ಮಿಸ್ತ್ರಿ ಆ ಮ್ಯಾಟು ಎತ್ತಿ ಹಿಡಿದು, ಬಗ್ಗಿ ಕೆಳಗೆಲ್ಲ ನೋಡಿ, ತಲೆ ಕೆರೆದುಕೊಂಡ. ಇಷ್ಟು ವರ್ಷ ಈ ಗಾಡಿಯ ಬುಡದಲ್ಲೇ ಮಲಗಿದ್ದರೂ ಇದೊಂದು ತನಗೆ ಗೊತ್ತಾಗಲಿಲ್ಲವಲ್ಲ ಎಂಬ ಮುಖ ಅವನದು.

ತೂತಾದ ಮ್ಯಾಟು ಒಗೆದು ಹೊಸದು ಹಾಕಲೇ ಎಂದ. ಬೇಡ, ಇರಲಿ ಎಂದೆ. ಈಗ ಆ ಸೀಟಿನಲ್ಲಿ ಔಷಧದ ಬ್ಯಾಗು ಕೂಡುತ್ತದೆ. ಬಸ್ಸು ಬರಲಿ, ಕುರಿ ಬರಲಿ, ಅದು ಏನೂ ಒತ್ತುವುದಿಲ್ಲ. ನಾನು ಒಬ್ಬನೇ ಬ್ರೇಕು ಹಾಕಬೇಕಲ್ಲ ಎಂದು ಬೇಸರವಾಗುತ್ತದೆ.

ಮಿಸ್ತ್ರಿ ಮಾತ್ರ ಕೊನೆಗೂ ಕೇಳಿಯೇ ಬಿಟ್ಟ. "ಸಾಹೇಬ್ರ, ಈ ಗಾಡಿ ಡ್ರೈವಿಂಗ್ ಕಲಸೂವರ ಕಡಿಂದ ತೊಗೊಂಡಿದ್ರೇನ್ರಿ? ಈ ಕಡಿ ಪೆಡಲ್ ಯಾರ ಬಿಚ್ಚಗೊಂಡ ಹ್ವಾದ್ರು?"

ಊಸ್ ಪಾಯಿಜೆ ಹೋತಾ ತರ್

ಕಾರ್ಖಾನೆ ಶುರುವಾಗಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು ಓಡಾಡುವ ಹಂಗಾಮು. ಮಗಳನ್ನು ರಾಯಬಾಗದ ಅವಳ ಗಂಡನ ಮನೆಗೆ ಬಿಟ್ಟುಬರಲು ಹೊರಟಿದ್ದೆ. ಮುಂದೆ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು, ಹಿಂದಿನ ಟ್ರಾಲಿಯಿಂದ ಕಬ್ಬು ಮಾರುದ್ದ ಹೊರಗೆ ಚಾಚಿತ್ತು. ದಿಬ್ಬದ ಮೇಲೆ ಟ್ರ್ಯಾಕ್ಟರು ನಿಂತಿತು. ನಾನು ಒತ್ತಿದೆ.

ಬ್ರೇಕು ಅವತ್ತು ಒದರಲಿಲ್ಲ, ಗುರುಗುಟ್ಟಿತು. ಕಬ್ಬಿಣ ಕಬ್ಬಿಣಕ್ಕೆ ತಿಕ್ಕುವ ಸಪ್ಪಳ. ಕಾರು ನಿಧಾನ ಆಯಿತೇ ಹೊರತು ನಿಲ್ಲಲಿಲ್ಲ. ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೋಗಿ ಕಬ್ಬಿನಲ್ಲಿ ಮೂತಿ ಇಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತಿರುಗಿ ನೋಡಿದರೆ ಮಗಳ ಕಾಲು ಮ್ಯಾಟಿನ ಮೇಲೆ ಬಿಗಿಯಾಗಿ ಒತ್ತಿತ್ತು, ಸರಿಯಾಗಿ ಅವಳವ್ವನ ತೂತಿನಲ್ಲಿ.

ಬ್ರೇಕು ಬದಲಿಸುವವರೆಗೆ ತಾನು ಈ ಗಾಡಿ ಹತ್ತುವುದಿಲ್ಲ, ತನ್ನ ಮಗಳನ್ನೂ ಹತ್ತಿಸುವುದಿಲ್ಲ ಎಂದಳು. ನಾನು ಎಂದಿನ ಹಾಗೆ ಎಮ್ಮೆಯ ಕಥೆ ತೆಗೆದೆ. ಒದರದಿದ್ದರೆ ಸಂಜೆ ಹಾಲು ಕೊಡುವುದಿಲ್ಲ, ಕರು ಬಿಟ್ಟರೆ ಒದೆಯುತ್ತದೆ ಎಂದೆಲ್ಲ ಹೇಳಿದೆ.

"ಎಮ್ಮಿ ಸುದ್ದಿ ಬಿಡು ಅಪ್ಪಾ. ಯಾಕ ಹಾಕ್ಸವಲ್ಲಿ ಅಂತ ನನಗೂ ಗೊತ್ತೈತಿ," ಎಂದಳು. "ಆದ್ರ ಅವ್ವ ಇದ್ದಿದ್ರ ಎಂದೋ ಹಾಕಸ್ತಿದ್ಳು."

ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ. ಅಷ್ಟರಲ್ಲಿ ಟ್ರ್ಯಾಕ್ಟರಿನವನು ಇಳಿದು ಹಿಂದೆ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಕಾರಿನ ಮೂತಿಗೆ ಸಿಕ್ಕಿಕೊಂಡ ಕಬ್ಬನ್ನು ಒಂದೊಂದಾಗಿ ಕಿತ್ತು, ಅದರಲ್ಲಿ ಒಳ್ಳೆಯದೊಂದನ್ನು ಆರಿಸಿ ಕಿಟಕಿಯಿಂದ ನನ್ನ ಕೈಗೆ ಕೊಟ್ಟ.

"ಡಾಕ್ಟರ್, ಊಸ್ ಪಾಯಿಜೆ ಹೋತಾ ತರ್ ಮಾಗಾಯ್ಚಾ ಕೀ," ಎಂದ ಮರಾಠಿಯಲ್ಲಿ. ಕಬ್ಬು ಬೇಕಾಗಿದ್ದರೆ ಕೇಳಬೇಕಪ್ಪಾ, ಹಿಂಗ್ಯಾಕ ಬಂದಿ ಎಂದು.

ತಂಬಾಕಿನ ಮೂಗು

ಮಿಸ್ತ್ರಿ ಗಾಲಿ ಬಿಚ್ಚಿ ಪ್ಯಾಡು ತೋರಿಸಿದ. ತಿಕ್ಕುವ ಮಸಾಲೆ ಪೂರ್ತಿ ಸವೆದು, ಹಿಂದಿನ ಕಬ್ಬಿಣದ ತಗಡು ಡಿಸ್ಕಿಗೆ ತಾಗುತ್ತಿತ್ತು. ಹೊಸದು ತರುವುದೇನು ದೊಡ್ಡದು, ಕಾರಿನ ಹೆಸರು ಹೇಳಿದರೆ ಕೊಡುತ್ತಾರೆ ಎಂದುಕೊಂಡು ಚಿಕ್ಕೋಡಿಯ ಅಂಗಡಿಯಿಂದ ತಂದೆ. ಅದರ ಒಂದು ಕಿವಿ ಒಳಗೆ ಹೋಗಲಿಲ್ಲ.

ಆಮೇಲೆ ಗೊತ್ತಾಯಿತು, ಈ ಕಾರಿಗೆ ಒಂದೇ ವರ್ಷದಲ್ಲಿ ಎರಡು ನಮೂನೆಯ ಬ್ರೇಕು ಕೂಡಿಸಿ ಮಾರಿದ್ದಾರೆ. ಪ್ಯಾಡಿನ ಎರಡೂ ತುದಿಗೆ ಕಿವಿ ಇರುತ್ತವೆ. ಒಂದರದು ಅಗಲ, ಇನ್ನೊಂದರದು ಸಣ್ಣ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ದನದ ಡಾಕ್ಟರನಿಗೆ ಇದು ಬೇಗ ಅರ್ಥವಾಯಿತು. ಜಾತಿ ಒಂದೇ, ತಳಿ ಬೇರೆ. ಕಿವಿ ಉಜ್ಜಿ ಕೂಡಿಸು ಎಂದೆ. ಉಜ್ಜಿದರೆ ಕೂಡುತ್ತದೆ, ಆದರೆ ಯಾವತ್ತಾದರೂ ಒಳಗೇ ಸಿಕ್ಕಿಕೊಂಡರೆ ಗಾಲಿ ಬಿಡುವುದಿಲ್ಲ ಎಂದು ಮಿಸ್ತ್ರಿ ಒಪ್ಪಲಿಲ್ಲ. ಜಂತಿನ ಔಷಧದ ಡಬ್ಬಿಯ ರಟ್ಟಿನ ಮೇಲೆ ಹಳೇ ಪ್ಯಾಡು ಇಟ್ಟು, ಸುತ್ತ ಗೆರೆ ಎಳೆದು, ಕತ್ತರಿಸಿ ನನ್ನ ಕೈಗೆ ಕೊಟ್ಟ. ಹಳೇ ಪ್ಯಾಡನ್ನೇ ವಾಪಸು ಕೂಡಿಸಿ, ಎಮ್ಮೆಯ ಸಲುವಾಗಿ ಗಿರಣಿಯವರೆಗೆ ಮಾತ್ರ ಮೆಲ್ಲಗೆ ಒಯ್ಯಿರಿ, ಉಳಿದಲ್ಲಿಗೆ ಬಸ್ಸು ಹತ್ತಿ ಎಂದ.

ರಟ್ಟಿನ ಪ್ಯಾಡು ಕಿಸೆಯಲ್ಲಿಟ್ಟುಕೊಂಡು ನಿಪ್ಪಾಣಿಗೆ ಹೋದೆ. ಅಲ್ಲಿ ಹಳೇ ಗಾಡಿಗಳ ಸಾಮಾನು ಇಡುವ ಒಂದು ಅಂಗಡಿ. ಮಾಲಕರು ವಯಸ್ಸಾದವರು, ಮೊದಲು ಮನೆಯಲ್ಲಿ ತಂಬಾಕಿನ ವ್ಯಾಪಾರ. ವ್ಯಾಪಾರ ಬದಲಾಗಿತ್ತು, ಕೈ ಬದಲಾಗಿರಲಿಲ್ಲ. ಗಾದಿಯ ಮೇಲೆ ಕೂತು ರಟ್ಟು ನೋಡಿ, ಒಳಗಿನಿಂದ ಮೂರು ನಮೂನೆ ತರಿಸಿದರು. ಒಂದೊಂದನ್ನೂ ಉಗುರಿನಿಂದ ಕೆರೆದು, ಹೆಬ್ಬೆರಳಿನಲ್ಲಿ ತಿಕ್ಕಿ, ಮೂಗಿಗೆ ಹಿಡಿದು ಉಸಿರು ಎಳೆದರು. ತಂಬಾಕಿನ ಎಲೆ ನೋಡುವುದು ಹಾಗೆಯೇ. ನನಗೂ ಮೂಸಿ ನೋಡಲು ಕೊಟ್ಟರು. ನಾನು ಸೀನಿದೆ. ಮಾಲು ಚಲೋ ಇದೆ ಎಂದು ಅವರು ತಲೆಯಾಡಿಸಿದರು.

ಇದು ಗಟ್ಟಿ, ಬಹಳ ದಿನ ಬರುತ್ತದೆ, ಆದರೆ ಡಿಸ್ಕು ತಿನ್ನುತ್ತದೆ. ಇದು ಮೆತ್ತಗಿದೆ, ಬೇಗ ಸವೆಯುತ್ತದೆ, ಆದರೆ ಮೆಲ್ಲಗೆ ಒತ್ತಿದರೂ ಹಿಡಿಯುತ್ತದೆ, ಸಪ್ಪಳವೇ ಇಲ್ಲ. ಮೂರನೆಯದು ಅಗ್ಗದ್ದು, ಅದರ ಬಗ್ಗೆ ಕೇಳಬೇಡಿ. ಹೀಗೆ ಹೇಳಿ, ನಿಮಗೆ ಯಾವುದು ಎಂದು ಕೇಳಿದರು.

"ಒದರೂದು ಯಾವದ್ರಿ?" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಷ್ಟು ವರ್ಷ ಬಂದವರೆಲ್ಲ ಒದರದ್ದನ್ನು ಕೇಳಿದ್ದಾರೆ, ಒದರುವುದನ್ನು ಕೇಳಿದವರು ನೀವೇ ಮೊದಲು ಎಂದರು. ಆಮೇಲೆ ಅಗ್ಗದ್ದನ್ನು ಬೆರಳಿನಿಂದ ಮುಂದೆ ದೂಡಿ, ಇದು ಒದರುತ್ತದೆ, ಆದರೆ ಗಾಡಿ ನಿಲ್ಲುವ ಜವಾಬ್ದಾರಿ ನನ್ನದಲ್ಲ ಎಂದರು.

"ಒದರಬೇಕು, ನಿಲ್ಲಲೂ ಬೇಕು. ಅಂಥಾದ್ದು ಇಲ್ಲೇನ್ರಿ?"

"ಡಾಕ್ಟರ್ ಸಾಹೇಬ್ರ," ಎಂದು ಅವರು ಮೂರನ್ನೂ ಡಬ್ಬಿಗೆ ಹಾಕುತ್ತ ಹೇಳಿದರು, "ಅಂಥಾವ್ರು ಮನಶ್ಯಾರಾಗ ಸೈತ ಸಿಗೂದಿಲ್ರಿ. ಒದರೂವರು ನಿಲ್ಲೂದಿಲ್ಲ, ನಿಲ್ಲೂವರು ಒದರೂದಿಲ್ಲ."

ಯೋಚಿಸಿ ಹೇಳುತ್ತೇನೆ ಎಂದು ಬರಿಗೈಯಲ್ಲಿ ಬಂದೆ. ಬಸ್ಸಿನಲ್ಲಿ ಬರುವಾಗ, ನಮ್ಮ ಮನೆಯಲ್ಲಿ ಅಂಥವಳು ಒಬ್ಬಳಿದ್ದಳಲ್ಲ, ಒದರಿಯೂ ನಿಲ್ಲುತ್ತಿದ್ದಳಲ್ಲ ಎಂದು ನೆನಪಾಯಿತು. ಅಂಗಡಿಯಲ್ಲೇ ನೆನಪಾಗಿದ್ದರೆ ಹೇಳಬಹುದಿತ್ತು.

ಕಾವಿಗೆ ಕೂತ ಕಾರು

ಕಾಗವಾಡದ ಕಡೆ ನನಗೆ ಒಬ್ಬ ಗೆಳೆಯ. ದ್ರಾಕ್ಷಿ ಬೆಳೆಗಾರ. ನನ್ನದೇ ಕಾರಿನ ಜೋಡಿ ಕಾರು ಅವನ ಹತ್ತಿರವೂ ಇತ್ತು, ಈಗ ಒಣದ್ರಾಕ್ಷಿ ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ಹಳೇ ಮಾಲಿನ ಗಟ್ಟಿತನ ಹೊಸದಕ್ಕೆ ಎಲ್ಲಿ, ನನ್ನ ಗಾಡಿಯ ಪ್ಯಾಡು ಬಿಚ್ಚಿಕೊಂಡು ಹೋಗು ಎಂದ. ಹಳೇದಾದರೆ ಒದರಿದರೂ ಒದರೀತು ಎಂಬ ಆಸೆ ನನಗೆ. ಬಸ್ಸು ಹತ್ತಿ ಹೋದೆ.

ಶೆಡ್ಡಿನಲ್ಲಿ ಕಾರಿನ ಬಾಗಿಲು ತೆಗೆದರೆ ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕೂತಿತ್ತು. ನಮ್ಮನ್ನು ನೋಡಿ ಗರಿ ಉಬ್ಬಿಸಿತು. ಅದರ ಕೆಳಗೆ ತತ್ತಿ. ಜಾಕು ಹಾಕಿ ಗಾಡಿ ಎತ್ತಿದರೆ ಒಂದೂ ಉಳಿಯುವುದಿಲ್ಲ.

ಗೆಳೆಯ ಸೊಂಟಕ್ಕೆ ಕೈ ಕೊಟ್ಟು ನನ್ನ ಕಡೆ ತಿರುಗಿದ. ನಾನು ಡಾಕ್ಟರನಾದ್ದರಿಂದ ತೀರ್ಮಾನ ನನ್ನದೇ, ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಹುದೋ ಹೇಗೆ ಎಂದು ಕೇಳಿದ. ನನ್ನ ಹೊಟ್ಟೆಯಲ್ಲಿ ಎಬ್ಬಿಸು ಎಂದಿತ್ತು. ಬಾಯಲ್ಲಿ ಬೇಡ ಎಂದೇ ಬಂತು. ಎಷ್ಟಾದರೂ ಓದಿದ ವಿದ್ಯೆ. ಅದರ ಕಾಲಿಗೆ ಹುರುಕಿನ ಲಕ್ಷಣ ಕಂಡಿತು, ಅದಕ್ಕೊಂದು ಎಣ್ಣೆ ಹೇಳಿ, ಶೆಡ್ಡಿನ ಉಳಿದ ಕೋಳಿಗಳನ್ನೂ ನೋಡಿ, ಚಹಾ ಕುಡಿದು ವಾಪಸು ಬಂದೆ.

ಮರಿ ಹೊರಗೆ ಬಂದ ದಿನ ಗೆಳೆಯ ಸೊಸೆ ಹಡೆದಷ್ಟು ಸಂತೋಷದಿಂದ ಫೋನು ಮಾಡಿದ. ಹೋಗಿ ಗಾಲಿ ಬಿಚ್ಚಿದೆವು. ಕಿವಿ ಸರಿಯಾಗಿ ಹೊಂದುವ ಪ್ಯಾಡು. ಮಸಾಲೆಯೂ ದಪ್ಪಗಿತ್ತು. ಬರಿಗೈಯಲ್ಲಿ ಕಳಿಸಬಾರದು ಎಂದು ಅವನು ಪ್ಯಾಡಿನ ಜೊತೆ ಒಂದು ಬುಟ್ಟಿಯಲ್ಲಿ ಎರಡು ಮರಿಗಳನ್ನೂ ಕೊಟ್ಟ. ಬಸ್ಸಿನಲ್ಲಿ ಅವು ಚಿಂವ್ ಚಿಂವ್ ಎನ್ನುತ್ತಿದ್ದವು, ನಾನು ಪ್ಯಾಡು ಹಿಡಿದು ನಗುತ್ತಿದ್ದೆ.

ಮಿಸ್ತ್ರಿ ಪ್ಯಾಡನ್ನು ನೆಲಕ್ಕೆ ಒಮ್ಮೆ ತಟ್ಟಿದ. ಮಸಾಲೆ ಒಂದು ಕಡೆ, ತಗಡು ಒಂದು ಕಡೆ. ನಡುವೆ ಬರೀ ತುಕ್ಕು. ಅದು ಗಟ್ಟಿ ಇದ್ದಿದ್ದರೂ ತಾನು ಹಾಕುತ್ತಿರಲಿಲ್ಲ ಎಂದ. "ಪ್ಯಾಡು ತನ್ನ ಡಿಸ್ಕಿನ ಜೋಡಿನ ಸವದಿರತೈತ್ರಿ. ಆಮ್ಯಾಲ ಅದನ್ನ ಬ್ಯಾರೇ ಡಿಸ್ಕಿಗಿ ಹಚ್ಚಿದ್ರ ಕೂಡೂದಿಲ್ಲ."

ಅವನು ಗಾಡಿಯ ಮಾತೇ ಆಡಿದ್ದು. ನಾನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಟೈರಿನ ಮೇಲೆ ಕೂತೆ. ಇಷ್ಟು ವರ್ಷ ಒಬ್ಬರ ಜೋಡಿ ಸವೆದವನು ಇನ್ನು ಯಾವುದಕ್ಕೆ ಹೊಂದಬೇಕು ಅನಿಸಿತು. ಮನೆ ನೆನಪಾಗಿ, ಈಗಲೇ ಎದ್ದು ಹೋದರೆ ಆಕೆ ಇರುತ್ತಾಳೆ ಅನ್ನುವಷ್ಟು ನೆನಪಾಯಿತು. ಮಿಸ್ತ್ರಿಗೆ ನನ್ನ ಮುಖ ಸಪ್ಪಗಾದದ್ದು ಕಂಡಿರಬೇಕು. ಸಮಾಧಾನ ಹೇಳಲು ಬುಟ್ಟಿಯೊಳಗೆ ಇಣುಕಿ ನೋಡಿದ.

"ಇವೆರಡೂ ಚಲೋ ಅದಾವ್ರಿ ಸಾಹೇಬ್ರ. ತುಕ್ಕ ಹಿಡದಿಲ್ಲ."

ನಮ್ಮವರು

ಕೊನೆಗೆ ನಿಪ್ಪಾಣಿಗೇ ಹೋಗಿ ಮೆತ್ತನೆಯ ಪ್ಯಾಡು ತಂದೆ. ಮೊಮ್ಮಗಳು ಕೂಡುವ ಗಾಡಿ, ನಿಲ್ಲಬೇಕು. ಮಿಸ್ತ್ರಿ ಡಿಸ್ಕು ಸಾಣೆ ಹಿಡಿಸಿ, ನಾಲ್ಕೂ ಪ್ಯಾಡು ಕೂಡಿಸಿ, ನನ್ನನ್ನು ಕೂಡಿಸಿಕೊಂಡು ಒಂದು ಸುತ್ತು ಹೊಡೆದ. ಒತ್ತಿದಲ್ಲಿ ನಿಂತಿತು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ, ಸಪ್ಪಳವೇ ಇಲ್ಲ. ಎಲ್ಲ ಸರಿಯಾಗಿತ್ತು, ನಾನು ಮಾತ್ರ ಇನ್ನೊಂದು ಸಲ ಒತ್ತು ಎಂದು ಹೇಳಿ ಕಿವಿಗೊಟ್ಟೆ.

ಸಂಜೆ ಮನೆಗೆ ಹೊರಟಾಗ ದಾರಿಯಲ್ಲಿ ಒಂದು ಪಾಕೀಟು ಹಾಲು ತೆಗೆದುಕೊಂಡೆ. ಇನ್ನು ಎಮ್ಮೆ ಹಾಲು ಕೊಡುವುದಿಲ್ಲ ಎಂಬುದು ಖಾತ್ರಿಯಿತ್ತಲ್ಲ. ಅಂಗಡಿಯವನು, ಡಾಕ್ಟರೇ, ನಿಮಗೂ ಪಾಕೀಟೇ ಎಂದು ಕೇಳಿದ. ನಾನು ಕೇಳಿಸದವನ ಹಾಗೆ ಬಂದೆ. ಗಿರಣಿಯ ತಿರುವಿನಲ್ಲಿ ಬ್ರೇಕು ಒತ್ತಿದೆ. ಏನೂ ಇಲ್ಲ. ಗಿರಣಿಯವನು ತಲೆ ಎತ್ತಲಿಲ್ಲ, ಕಟ್ಟೆಯ ಮೇಲಿನ ನಾಯಿ ಕಿವಿ ಎತ್ತಲಿಲ್ಲ. ನಮ್ಮ ಮನೆಯ ಕಿಟಕಿಯನ್ನು ನಾನು ನೋಡಲೇ ಇಲ್ಲ. ನನ್ನ ಆ ಒಂದು ಗಳಿಗೆ ಅಲ್ಲಿಗೆ ಮುಗಿದಿತ್ತು.

ಆದರೂ ಕೈಗೆ ರೂಢಿ. ಕಾಲು ತೊಳೆದು, ಚರಿಗೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯ ಕೆಳಗೆ ಕೂತೆ. ಕೆಚ್ಚಲಿಗೆ ಕೈ ಹಚ್ಚಿದೆನೋ ಇಲ್ಲವೋ, ಹಾಲು ಚರಿಗೆಯಲ್ಲಿ ಸುಂಯ್ ಎಂದಿತು. ನಾನು ಬೆಪ್ಪಾದೆ. ದಿನದಕ್ಕಿಂತ ಒಂದು ಬಟ್ಟಲು ಹೆಚ್ಚೇ ಬಂತು. ಎಮ್ಮೆ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು.

ನಮ್ಮ ಹಿತ್ತಲಿನ ಗೋಡೆಯಾಚೆ, ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ಹೆಂಗಸು ಇದ್ದಾರೆ. ನಮ್ಮಾಕಿಯ ಜೋಡಿ ಆ ಗೋಡೆಯ ಮೇಲಿನಿಂದ ಅವರು ಆಡದ ಮಾತಿಲ್ಲ. ಅವರನ್ನು ಕರೆದು ಚರಿಗೆ ತೋರಿಸಿ, ಬ್ರೇಕು ಒದರದಿದ್ದರೂ ಎಮ್ಮೆ ಹಾಲು ಕೊಟ್ಟಿತು, ಆ ದನಿಯನ್ನೇ ಮರೆತುಬಿಟ್ಟಿದೆ ನೋಡಿ ಎಂದು ದುಃಖದಿಂದ ಹೇಳಿದೆ. ಕಾಕು ಬಾಯಿಗೆ ಸೆರಗು ಹಿಡಿದರು. ಭುಜ ಕುಣಿಯುತ್ತಿತ್ತು.

"ಡಾಕ್ಟರ, ಎಮ್ಮಿ ಬ್ರೇಕಿಗಿ ಯಾವಾಗ ಹಾಲ ಕೊಟ್ಟಿತ್ರಿ? ನೀವ ದಿನಾ ಚರಗಿ ತೊಗೊಂಡ ಬಂದ ಏನಂತೀರಿ?"

ಏನೂ ಅನ್ನುವುದಿಲ್ಲ ಎಂದೆ.

"ಏನೂ ಇಲ್ಲಂತ! ಅದರ ಬೆನ್ನ ತಟ್ಟಿ 'ಬಂದ್ರು ನೋಡವಾ ನಮ್ಮವರು' ಅಂತೀರಿ. ಮೂರ ವರ್ಷಾತು. ಇವತ್ತೂ ಅಂದ್ರಿ. ನಾ ಕೇಳೀನಿ."

ನಾನು ನಂಬಲಿಲ್ಲ. ನಾನೇ ಬಂದು ನಿಂತು, ನನ್ನ ಬಗ್ಗೆ ನಾನೇ, ಎಮ್ಮೆಯ ಮುಂದೆ, 'ನಮ್ಮವರು ಬಂದ್ರು' ಎನ್ನುತ್ತೇನೆಯೇ? ಬಾಗಿಲಿಗೆ ಬಂದು ಗಿರಣಿಯವನನ್ನು ಕರೆದು ಕೇಳಿದೆ. ಅವನು ತನಗೆ ಗೊತ್ತಿಲ್ಲ ಎಂದು ಹೇಳಿ, ಮುಖ ತಿರುಗಿಸಿ, ಹಿಟ್ಟಿನ ಚೀಲದಲ್ಲಿ ತಲೆ ಹಾಕಿದ. ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ವಾಪಸು ಬಂದು, ಹಾಗಾದರೆ ಅಷ್ಟು ಭಾನುವಾರ ನಾನು ಲುಂಗಿ ಸುತ್ತಿಕೊಂಡು ಪೆಟ್ರೋಲು ಸುಟ್ಟದ್ದು ಯಾಕೆ, ಆ ಮಾತೊಂದು ಹೇಳಿದ್ದರೆ ಎಮ್ಮೆ ಹಾಲು ಕೊಡುತ್ತಿತ್ತಲ್ಲ, ಅದು ಆಕೆಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಕಾಕು ಈಗ ನಗಲಿಲ್ಲ. ಸೆರಗು ಬಾಯಿಂದ ತೆಗೆದರು.

"ಆಕಿಗಿ ಗೊತ್ತಿತ್ರಿ. ನನ್ನ ಮುಂದ ಹೇಳ್ತಿದ್ಳು. ದಿನಾ ಬರೂದ ನೋಡತೀನಿ, ಐತವಾರ ಮನ್ಯಾಗ ಕುಂತ್ರ ಬರೂದ ನೋಡಾಕ ಸಿಗೂದಿಲ್ಲ, ಅದಕ್ಕ ಕಳಸ್ತೀನಿ ಅಂತಿದ್ಳು."

ನಾನು ಎಮ್ಮೆಯ ಮೈಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದೆ. ಮುಖ ಅದರ ಕಡೆಗಿತ್ತು, ಆದ್ದರಿಂದ ಕಾಕುಗೆ ಕಾಣಲಿಲ್ಲ. ಕಂಡಿದ್ದರೂ ಅವರು ಕಾಣದ ಹಾಗೆ ಮಾಡುತ್ತಿದ್ದರು. ಒಳಗೆ ಹೋಗುತ್ತ, ಅಷ್ಟು ವರ್ಷ ಆಕೆಯೂ ನಿಮ್ಮ ಹೆಸರು ಹೇಳಲಿಲ್ಲ, ಈಗ ನೀವೂ ಹೇಳುವುದಿಲ್ಲ, ಚಲೋ ಜೋಡಿ ಎಂದು ಗೊಣಗಿದರು.

ಮರುದಿನ ಸಂಜೆ ಬಂದೆ. ತಿರುವಿನಲ್ಲಿ ಸಪ್ಪಳವಿಲ್ಲ. ಚರಿಗೆ ತೆಗೆದುಕೊಂಡು ಎಮ್ಮೆಯ ಕೆಳಗೆ ಕೂತೆ. ಈಗ ಗೊತ್ತಾಗಿಬಿಟ್ಟಿತ್ತಲ್ಲ, ಆ ಮಾತು ಬಾಯಿಗೆ ಬರಲೊಲ್ಲದು. ಎಮ್ಮೆಗೂ ಹಾಲು ಇಳಿಸಲು ಮನಸ್ಸಿಲ್ಲ. ನಾನು ಹಾಲು ಬಿಡು ಎಂದೆ, ಬೆನ್ನು ತಟ್ಟಿದೆ, ತಿನ್ನಲು ಹಿಂಡಿ ಇಟ್ಟೆ. ಅದು ಕೊರಳು ತಿರುಗಿಸಿ, ಏನೋ ಮರೆತಿದ್ದೀಯಲ್ಲ ಎನ್ನುವಂತೆ ನನ್ನನ್ನೇ ನೋಡುತ್ತ ನಿಂತಿತು. ಗೋಡೆಯಾಚೆ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ಗಿರಣಿಯೂ ಅದೇ ಹೊತ್ತಿಗೆ ನಿಂತಿತು. ಓಣಿಗೆ ಓಣಿಯೇ ಕಿವಿಗೊಟ್ಟ ಹಾಗಿತ್ತು.

ಕೊನೆಗೆ ಕಾಕು ಗೋಡೆಯಾಚೆಯಿಂದ, ನಮ್ಮಾಕಿಯನ್ನು ದಿನಾ ಕೇಳುತ್ತಿದ್ದ ಹಾಗೆಯೇ ಕೇಳಿದರು:

"ನಿಮ್ಮವರು ಬಂದ್ರೇನ್ರೀ?"

"ಬಂದ್ರು," ಎಂದೆ.

ಎಮ್ಮೆ ಹಾಲು ಇಳಿಸಿತು.